ಬೂದಿ ಬೀಳದ ಬೂದಿಮಣ್ಣು

ಊಟಿಯ ಗೆಳೆಯನ ತೋಟದಿಂದ ಒಂದು ತೊಟ್ಟೆ ಕಪ್ಪು ಮಣ್ಣು ತಂದೆ, ಅಮ್ಮನ ಮಲ್ಲಿಗೆಗೆ. ಕಲ್ಯಾಣಪುರದ ನಮ್ಮ ಮನೆಯಲ್ಲಿ ಮಲ್ಲಿಗೆ ತಮಾಷೆಯ ವಿಷಯ ಅಲ್ಲ ಮಾರಾಯ್ರೆ, ನನ್ನ ಇಂಜಿನಿಯರಿಂಗ್ ಫೀಸಿನ ಒಂದು ಪಾಲು ಬಂದದ್ದೇ ಆ ಅಟ್ಟೆಗಳಿಂದ.

ಮಣ್ಣು ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಜಪಾನಿನ ಜ್ವಾಲಾಮುಖಿ ಬೆಟ್ಟಗಳ ಬೂದಿಯಿಂದ ಆಗುವ ಆಂಡೊಸಾಲ್ ಜಾತಿಯದ್ದಂತೆ. ಆದರೆ ನೀಲಗಿರಿಯಲ್ಲಿ ಜ್ವಾಲಾಮುಖಿ ಎಲ್ಲುಂಟು?

2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಸಿಕ್ಕಿತು. ಅದು ಬೂದಿಯಿಂದ ಹುಟ್ಟಿದ್ದೇ ಅಲ್ಲ. ನಮ್ಮ ಮುರಕಲ್ಲಿನ ಹಾಗೆ ಮಳೆಗೆ ಸವೆದು ಅಲ್ಯೂಮಿನಿಯಂ ಉಳಿದ ಹಳೇ ಮಣ್ಣೇ ಅದರ ಮೂಲ. ಸುಮಾರು 2,000 ಮೀಟರ್ ಎತ್ತರದ ಚಳಿ-ಮಳೆಯಲ್ಲಿ ಕೊಳೆತ ಎಲೆಯ ಸಾರ ಅಲ್ಯೂಮಿನಿಯಂಗೆ ಅಂಟಿ, ಕರಗದೆ ಕೂತು ಕಪ್ಪಾಗಿದೆ. ನಮ್ಮ ಸೆಕೆಗೆ ಅದೇ ಎಲೆ ಬೇಗ ಮಾಯ, ಉಳಿಯುವುದು ಕೆಂಪು.

ಚಟ್ಟಿಯಲ್ಲಿ ನೆಟ್ಟ ಗಿಡ ಮಾತ್ರ ಮೂರು ತಿಂಗಳಾದರೂ ಏಳಲಿಲ್ಲ. ಇಂಥ ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಸುಲಭದಲ್ಲಿ ಬಿಡುವುದಿಲ್ಲ. ನಾನು ಇದನ್ನು ಓದಿದ್ದು ಆಮೇಲೆ.

"ಮಣ್ಣು ಚಂದ ಉಂಟು ಮಗಾ, ಗಿಡಕ್ಕೆ ಹಸಿವು" ಅಂದ ಅಮ್ಮ ನೆಲಗಡಲೆ ಹಿಂಡಿಯ ನೀರು, ಒಂದು ಮುಷ್ಟಿ ಒಲೆ ಬೂದಿ ಹಾಕಿದರು. ಈಗ ಎರಡು ಚಿಗುರು ಬಂದಿದೆ. ಅಟ್ಟೆಯ ಲೆಕ್ಕಕ್ಕೆ ಇನ್ನೂ ದೂರ.