ಕೊಲ್ಹಾಪುರಿ ಅಂತ ಹೆಸರು, ಹೊಲಿದಿದ್ದು ಎಲ್ಲಿ?

ಚಿಂತಾಮಣಿಯಿಂದ ಮಾತಾಡ್ತಿದ್ದೀನಿ. ಅಣ್ಣನ ಮದುವೆಗೆ ಅಂತ ಇಲ್ಲೇ ಒಂದು ಅಂಗಡಿಯಲ್ಲಿ ಕೊಲ್ಹಾಪುರಿ ಚಪ್ಪಲಿ ತಗೊಂಡೆ. "ಮಹಾರಾಷ್ಟ್ರದ ಮಾಲು ಸಾರ್" ಅಂದ್ರು. ನಾನೂ ತಲೆಯಾಡಿಸಿ ಬಂದೆ. ಆಮೇಲೆ ಓದ್ತಾ ಹೋದ್ರೆ, ಈ ಚಪ್ಪಲಿಯ ಅರ್ಧ ಕಥೆ ನಮ್ಮ ರಾಜ್ಯದ್ದೇ!

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಇದನ್ನೇ ಹೊಲಿಯೋ ಮನೆಗಳಿವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. 2018-19ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ತು. ಅದರಲ್ಲಿರೋದು ಎಂಟು ಜಿಲ್ಲೆ: ಮಹಾರಾಷ್ಟ್ರದ ನಾಲ್ಕು, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಟ್ಯಾಗ್ ಇರೋದು ಎರಡು ಸರ್ಕಾರಿ ನಿಗಮಗಳ ಹೆಸರಲ್ಲಿ: ಅವರ ಲಿಡ್‌ಕಾಮ್, 1976ರಲ್ಲಿ ಶುರುವಾದ ನಮ್ಮ ಲಿಡ್ಕರ್.

ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಇಂಗ್ಲೆಂಡಿನ ಸ್ಟ್ರೀಟ್ ಅನ್ನೋ ಊರಲ್ಲಿ 1825ರಲ್ಲಿ ಶುರುವಾದ ಕ್ಲಾರ್ಕ್ಸ್ ಶೂ ಕಂಪನಿ ಗೊತ್ತಲ್ಲ? ಹೆಸರು ಅದೇ ಇದೆ. ಆದರೆ ತಯಾರಿಕೆ ಹೆಚ್ಚುಕಮ್ಮಿ ಪೂರ್ತಿ ಹೊರದೇಶಕ್ಕೆ ಹೋಯ್ತು, 2021ರಲ್ಲಿ ಕಂಪನಿಯ ಹಿಡಿತವೂ ಹಾಂಗ್‌ಕಾಂಗಿನ ಹೂಡಿಕೆದಾರರ ಕೈಗೆ ಹೋಯ್ತು. ಟ್ರೇಡ್‌ಮಾರ್ಕ್ ಕಂಪನಿಯ ಆಸ್ತಿ, ಮಾರಬಹುದು. ಜಿಐ ಊರಿನ ಆಸ್ತಿ, ಅದನ್ನ ಯಾರೂ ಮಾರೋ ಹಾಗಿಲ್ಲ.

ಹಾಗಾದ್ರೆ ಹೊಲಿಯೋರಿಗೆ ಲಾಭ ಆಯ್ತಾ? ಅಲ್ಲೇ ತೊಡಕು. ಟ್ಯಾಗ್ ಬಂದ ಮಾತ್ರಕ್ಕೆ ಆಗಲ್ಲ, ಪ್ರತಿ ಕುಶಲಕರ್ಮಿಯೂ 'ಅಧಿಕೃತ ಬಳಕೆದಾರ' ಅಂತ ಪ್ರತ್ಯೇಕವಾಗಿ ನೋಂದಣಿ ಮಾಡಿಸ್ಬೇಕು. ಇನ್ನೊಂದು, ನಮ್ಮ ಕಾನೂನಿನ ರಕ್ಷಣೆ ಭಾರತದೊಳಗೆ ಮಾತ್ರ. 2025ರ ಜೂನ್‌ನಲ್ಲಿ ಪ್ರಾಡಾ ಮಿಲಾನ್ ಶೋನಲ್ಲಿ ಇಂಥದ್ದೇ ಚಪ್ಪಲಿ ತೋರಿಸ್ತು, ಮೂಲದ ಹೆಸರು ಹೇಳಲಿಲ್ಲ. ಗಲಾಟೆ ಆದಮೇಲೆ ಒಪ್ಕೊಂಡ್ತು, ಡಿಸೆಂಬರ್‌ನಲ್ಲಿ ಈ ಎರಡೂ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಅವರನ್ನ ಒಪ್ಪಿಸಿದ್ದು ಕೋರ್ಟಲ್ಲ, ಜನರ ದನಿ.

ನಮಗೇನು ಅಂತೀರಾ? ನಮ್ಮ ಚಿಕ್ಕಬಳ್ಳಾಪುರದ ತೋಟಗಳಲ್ಲಿ ಬೆಳೆಯೋ ನೀಲಿ ದ್ರಾಕ್ಷಿಗೂ ಜಿಐ ಇದೆ, 'ಬೆಂಗಳೂರು ನೀಲಿ' ಅನ್ನೋ ಹೆಸರಲ್ಲಿ. ಹೆಸರು ಒಂದೂರಿಂದು, ಬೆವರು ಇನ್ನೊಂದೂರಿಂದು. ಅಥಣಿಯವರ ಕಥೆ ನಮಗೆ ಬೇಗ ಅರ್ಥ ಆಗ್ಬೇಕು.

ಅದಕ್ಕೇ, ಮುಂದಿನ ಸಲ ಕೊಲ್ಹಾಪುರಿ ತಗೊಳ್ಳೋವಾಗ ರೇಟಿನ ಜೊತೆ ಇನ್ನೊಂದು ಪ್ರಶ್ನೆ ಕೇಳಿ: "ಇದನ್ನ ಯಾವೂರಲ್ಲಿ ಹೊಲಿದಿದ್ದು?" ನಾನು ಕೇಳಿರಲಿಲ್ಲ. ಮುಂದಿನ ವಾರ ಸಿಗೋಣ.