ಬಯಲಿನಲ್ಲಿ ಹಿನ್ನೆಲೆ ವಿಕಿರಣ ಅಳೆಯುವ ಪಾಠ

ವಿಕಿರಣ ಎಂದೊಡನೆ ಮಕ್ಕಳ ಬಾಯಿಗೆ ಬರುವುದು ಹಿರೋಷಿಮಾ, ಚೆರ್ನೋಬಿಲ್. ಕಾಲಡಿಯ ಕಲ್ಲು, ತಲೆಯ ಮೇಲಿನ ಆಕಾಶ ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ ಈ ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದಿಷ್ಟು: ವ್ಯಾಖ್ಯೆ ಆಮೇಲಿರಲಿ, ಮೊದಲು ಗೈಗರ್ ಕೌಂಟರ್ ಹಿಡಿದು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ.

ಹತ್ತಿರದಲ್ಲಿ ವಿಕಿರಣದ ಯಾವ ಆಕರವನ್ನೂ ಇಡದಿದ್ದರೂ ಉಪಕರಣ ಟಿಕ್ ಟಿಕ್ ಎನ್ನುತ್ತದೆ. ನೆಲದಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಮತ್ತು ಮೇಲಿನಿಂದ ಬರುವ ವಿಶ್ವಕಿರಣಗಳು ಇದಕ್ಕೆ ಕಾರಣ. ಪ್ರತಿ ಸಲವೂ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಗೋಡೆಗಳಿಂದ ದೂರದಲ್ಲಿ ಅಳೆಯಬೇಕು. ಇಲ್ಲದಿದ್ದರೆ ಒಂದು ಸ್ಥಳವನ್ನು ಇನ್ನೊಂದಕ್ಕೆ ಹೋಲಿಸಲಾಗದು.

ಪಾಠದ ಜೀವಾಳ ಮುಂದಿನ ಹಂತ. ಒಂದೇ ಜಾಗದಲ್ಲಿ ಒಂದೊಂದು ನಿಮಿಷದಂತೆ ಐದು ಸಲ ಎಣಿಸಿದರೆ ಸಂಖ್ಯೆಗಳು ಬೇರೆ ಬೇರೆ ಬರುತ್ತವೆ. ‘ಮಿಷನ್ ಸರಿ ಇಲ್ಲ ಸರ್’ ಎನ್ನುತ್ತಾರೆ ಮಕ್ಕಳು. (ಪ್ರಶಿಕ್ಷಣಾರ್ಥಿಗಳೂ ಅನ್ನುವುದುಂಟು.) ಮಿಷನ್ ಸರಿಯಾಗಿಯೇ ಇದೆ, ಒಂದು ಪರಮಾಣು ಯಾವ ಗಳಿಗೆಯಲ್ಲಿ ಕ್ಷಯಿಸುತ್ತದೆ ಎಂಬುದೇ ಆಕಸ್ಮಿಕ. ಎಣಿಕೆ 25 ಬಂತೆನ್ನಿ. ಅದರ ವರ್ಗಮೂಲ 5. ಅಂದರೆ 20, 30ರ ಆಸುಪಾಸಿಗೆ ಏರಿಳಿಯುವುದು ಸಹಜ. ಹತ್ತು ನಿಮಿಷ ಎಣಿಸಿ 250 ಬಂದರೆ ಏರಿಳಿತ ಸುಮಾರು 16. ಶೇಕಡಾ 20 ಇದ್ದ ಅನಿಶ್ಚಿತತೆ ಶೇಕಡಾ 6ಕ್ಕೆ ಇಳಿಯಿತು. ಮಣ್ಣಿನ ಮೇಲೆ 25, ಗ್ರಾನೈಟ್ ಚಪ್ಪಡಿಯ ಮೇಲೆ 30 ಎಂಬ ಒಂದು ನಿಮಿಷದ ಲೆಕ್ಕದಿಂದ ಏನೂ ಹೇಳಲಾಗದು ಎಂಬುದು ಆಗ ಮಕ್ಕಳಿಗೇ ಹೊಳೆಯುತ್ತದೆ. ನಲವತ್ತು ನಿಮಿಷದ ಅವಧಿಯಲ್ಲಿ ಎರಡು ಸ್ಥಳ ಸಾಕು. ಐದು ಸ್ಥಳಕ್ಕೆ ಓಡಿಸಬೇಡಿ.

‘ಹಾಗಾದರೆ ನಮಗೆ ಕ್ಯಾನ್ಸರ್ ಬರುತ್ತಾ?’ ಈ ಪ್ರಶ್ನೆ ಬಂದೇ ಬರುತ್ತದೆ. ‘ಏನೂ ಆಗಲ್ಲ’ ಎಂದು ಬಾಯಿ ಮುಚ್ಚಿಸಬಾರದು, ಹೆದರಿಸಲೂಬಾರದು. ನಿಸರ್ಗದಿಂದ ಒಬ್ಬರಿಗೆ ಸಿಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅದರಲ್ಲಿ ಸುಮಾರು ಅರ್ಧ ಉಸಿರಿನೊಂದಿಗೆ ಒಳಹೋಗುವ ರೇಡಾನ್ ಅನಿಲದ್ದು. ಅದು ಬಯಲಿನಲ್ಲಿ ಚದುರಿಹೋಗುತ್ತದೆ, ಗಾಳಿಯಾಡದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೂ ರೇಡಾನಿಗೂ ಇರುವ ನಂಟು ಖಚಿತವಾದದ್ದು. ನಮ್ಮ ಮೈದಾನದ ಅಳತೆಯಲ್ಲಿ ಈ ಭಾಗ ಸೇರಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಕೇರಳದ ಕರುನಾಗಪ್ಪಳ್ಳಿಯ ಕರಾವಳಿ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಹೇರಳ; ಅಲ್ಲಿ ಬಯಲಿನ ವಿಕಿರಣ ಸಾಮಾನ್ಯಕ್ಕಿಂತ ಹಲವು ಪಟ್ಟು. (ನಮ್ಮ ಉಳ್ಳಾಲದ ಮರಳಿನಲ್ಲೂ ಮೊನಜೈಟ್ ಇದೆ.) ಅಲ್ಲಿನ ಸುಮಾರು 70,000 ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಅಪಾಯ ಸೊನ್ನೆ ಎಂದು ಇದರರ್ಥವಲ್ಲ. ಬೇರೆ ಕಾರಣಗಳಿಂದ ಬರುವ ಕ್ಯಾನ್ಸರುಗಳ ನಡುವೆ ಸಣ್ಣ ಹೆಚ್ಚಳ ಎಣಿಕೆಗೆ ಸಿಗದೆ ಹೋಗಬಹುದು. ವಿಕಿರಣ ರಕ್ಷಣೆಯ ನಿಯಮಗಳು ಸಣ್ಣ ಪ್ರಮಾಣಕ್ಕೂ ಅಷ್ಟೇ ಸಣ್ಣ ಅಪಾಯ ಇದೆಯೆಂದು ಇಟ್ಟುಕೊಂಡೇ ರೂಪುಗೊಂಡಿವೆ.

ಪಾಠಯೋಜನೆಯ ಮೌಲ್ಯಮಾಪನ ಅಂಕಣಕ್ಕೆ ನಾನು ಸೂಚಿಸುವ ಪ್ರಶ್ನೆ ಒಂದೇ: ‘ನಿನ್ನೆ ನಿಮಿಷಕ್ಕೆ 25 ಇದ್ದ ಎಣಿಕೆ ಇಂದು 31 ಆಗಿದೆ, ಊರಲ್ಲಿ ವಿಕಿರಣ ಹೆಚ್ಚುತ್ತಿದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅವರಿಗೆ ನೀವು ಏನು ಹೇಳುವಿರಿ?’