ನೇರಳೆ–ಹಾಲಿನ ಪದರು ಸಿಹಿ: ಮಕ್ಕಳ ಜೊತೆ ಮಾಡಿ, ಹಾಲು ಮೊದಲು ಕುದಿಸಿ



ಜೂನ್ ಮಳೆ ಶುರುವಾಗುವ ಹೊತ್ತಿಗೆ ಬಸವಕಲ್ಯಾಣ, ಹುಮನಾಬಾದ್ ಕಡೆ ನೇರಳೆ ಹಣ್ಣು ಬರುತ್ತದೆ. ಮನೆಯಲ್ಲಿ ಹಾಲು ಹೇಗೂ ಇದೆ. ಇವೆರಡರಿಂದ ಮಕ್ಕಳೂ ಕೈಜೋಡಿಸಬಹುದಾದ ಸಿಹಿಯೊಂದನ್ನು ಮಾಡಬಹುದು. ಹೈದರಾಬಾದ್ ಕಡೆಯ ಮದುವೆ ಊಟದಲ್ಲಿ ಖುಬಾನಿ ಕಾ ಮೀಠಾ ತಿಂದವರಿಗೆ ಈ ಬಗೆ ಹೊಸದಲ್ಲ: ಕೆಳಗೆ ಬೇಯಿಸಿದ ಹಣ್ಣು, ಮೇಲೆ ಕೆನೆ.

ಮೊದಲು ಹಾಲಿನ ಮಾತು

ಹಿಂಡುವಾಗಲೇ ಮಗುವಿನ ಲೋಟಕ್ಕೆ ನೊರೆಹಾಲು ಹಾಕಿ ಕೊಡುವ ರೂಢಿ ಹಲವು ಮನೆಗಳಲ್ಲಿ ಇನ್ನೂ ಇದೆ. ಹಸಿ ಹಾಲಿಗೆ ಬಲ ಹೆಚ್ಚು ಎಂಬುದು ನಂಬಿಕೆ. ಆದರೆ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಇರುವ ಆಕಳು, ಎಮ್ಮೆಯ ಹಾಲಿನಲ್ಲಿ ಅದರ ರೋಗಾಣು ಇರಬಹುದು. ಹಸಿ ಹಾಲು ಕುಡಿದವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಕಾಡುತ್ತದೆ. ದನ ನೋಡಲು ಆರೋಗ್ಯವಾಗಿಯೇ ಇರಬಹುದು, ಹಾಲಿನ ಬಣ್ಣ ರುಚಿಯೂ ಬದಲಾಗಿರುವುದಿಲ್ಲ. ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ, ಕೈಯಾಡಿಸುತ್ತ ಇನ್ನೂ ಕೆಲವು ನಿಮಿಷ ಕುದಿಸಿದರೆ ಈ ರೋಗಾಣು ಸಾಯುತ್ತದೆ.

ಕುದಿಸಿದರೂ ಹೋಗದ ಒಂದು ವಸ್ತು ಔಷಧಿಯ ಅಂಶ. ಕೆಚ್ಚಲು ಬಾವಿಗೆ ಔಷಧಿ ಪಡೆದ ದನದ ಹಾಲನ್ನು ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಸಂಘಕ್ಕೂ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ.

ಬೇಕಾಗುವ ಸಾಮಾನು (4 ಲೋಟಕ್ಕೆ)

ಕುದಿಸಿ ಆರಿಸಿದ ಹಾಲು ಅರ್ಧ ಲೀಟರ್, ಕಸ್ಟರ್ಡ್ ಪುಡಿ 3 ದೊಡ್ಡ ಚಮಚ, ಸಕ್ಕರೆ 6 ದೊಡ್ಡ ಚಮಚ, ನೇರಳೆ ಹಣ್ಣು ಕಾಲು ಕಿಲೋ, ಗ್ಲುಕೋಸ್ ಬಿಸ್ಕತ್ತು 8.

ಮಾಡುವ ವಿಧಾನ

1. ಹಣ್ಣು ತೊಳೆದು ಬೀಜ ತೆಗೆಯಿರಿ. ಇದು ದೊಡ್ಡ ಮಕ್ಕಳಿಗೆ ಒಳ್ಳೆ ಕೆಲಸ. ಕೈ ನೀಲಿಯಾದರೂ ತೊಂದರೆಯಿಲ್ಲ. ಚಿಕ್ಕ ಮಕ್ಕಳ ಗಂಟಲಲ್ಲಿ ಬೀಜ ಸಿಕ್ಕಿಕೊಳ್ಳುವ ಅಪಾಯವಿದೆ. ಹಾಗಾಗಿ ತೆಗೆದ ಬೀಜಗಳನ್ನು ಎಣಿಸಿ ಆಚೆ ಹಾಕಿ.

2. ಹಣ್ಣಿನ ತಿರುಳಿಗೆ 2 ಚಮಚ ಸಕ್ಕರೆ ಸೇರಿಸಿ, ಗಟ್ಟಿಯಾಗುವವರೆಗೆ ಬೇಯಿಸಿ ಆರಲು ಬಿಡಿ.

3. ಅರ್ಧ ಲೋಟ ತಣ್ಣನೆ ಹಾಲಿನಲ್ಲಿ ಕಸ್ಟರ್ಡ್ ಪುಡಿಯನ್ನು ಗಂಟಿಲ್ಲದಂತೆ ಕಲಸಲು ಮಗುವಿಗೆ ಕೊಡಿ. ಬಿಸಿ ಹಾಲಿಗೆ ಪುಡಿ ನೇರವಾಗಿ ಹಾಕಿದರೆ ಹಿಟ್ಟಿನ ಹೊರಭಾಗ ಮೊದಲೇ ಬೆಂದು ಗಂಟು ಕಟ್ಟುತ್ತದೆ.

4. ಉಳಿದ ಹಾಲನ್ನು ಸಕ್ಕರೆಯೊಂದಿಗೆ ಕಾಯಿಸಿ, ಕಲಸಿದ್ದನ್ನು ಸುರಿದು ಗಟ್ಟಿಯಾಗುವವರೆಗೆ ಕೈಯಾಡಿಸಿ. ಈ ಕೆಲಸ ದೊಡ್ಡವರದೇ. ಮಕ್ಕಳನ್ನು ಒಲೆಯಿಂದ ದೂರ ಕೂಡಿಸಿ, ಬಿಸಿ ಪಾತ್ರೆಯನ್ನು ನೆಲದ ಮೇಲಿಡಬೇಡಿ.

5. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ. ಎರಡೂ ಆರಿದ ಮೇಲೆಯೇ ಪದರು ಹಾಕಿ. ಬಿಸಿ ಹಾಲಿಗೆ ಹುಳಿ ಹಣ್ಣು ಬಿದ್ದರೆ ಹಾಲು ಒಡೆಯಬಹುದು.

6. ಲೋಟದ ತಳಕ್ಕೆ ಬಿಸ್ಕತ್ತಿನ ಪುಡಿ, ಅದರ ಮೇಲೆ ಹಾಲು, ಮೇಲೆ ನೇರಳೆ, ಮತ್ತೆ ಹಾಲು. ಈ ಕೆಲಸ ಪೂರ್ತಿ ಮಕ್ಕಳಿಗೇ ಬಿಡಿ. ಅದಕ್ಕೂ ಮೊದಲು ಸಾಬೂನಿನಿಂದ ಕೈ ತೊಳೆಸಿ. ಕೊಟ್ಟಿಗೆಯಲ್ಲಿ ಕರುವಿನ ಜೊತೆ ಆಡಿ ಬಂದಿದ್ದರಂತೂ ತಪ್ಪಿಸಬೇಡಿ.

ಫ್ರಿಜ್ ಇಲ್ಲದ ಮನೆಯಲ್ಲಿ ಮಾಡಿದ ಒಂದೆರಡು ತಾಸಿನಲ್ಲೇ ತಿಂದು ಮುಗಿಸಿ.

ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು

ಕಂದು ರೋಗವನ್ನು ತಡೆಯುವ ಕೆಲಸ ಕೊಟ್ಟಿಗೆಯಿಂದಲೇ ಶುರುವಾಗಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಉಚಿತ; ಒಮ್ಮೆ ಹಾಕಿಸಿದರೆ ಸಾಕು. ಗಬ್ಬದ ಕೊನೆಯ ತಿಂಗಳುಗಳಲ್ಲಿ ದನ ಕಂದು ಹಾಕಿದರೆ ಸತ್ತ ಕರು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಮನೆಯ ಹೆಣ್ಣು ಕರುವಿಗೆ ಈಗ ಎಷ್ಟು ತಿಂಗಳು? ಎಂಟು ದಾಟುವ ಮುನ್ನ ಸಂಘದ ಕಾರ್ಯದರ್ಶಿಗೆ ಹೇಳಿ ಹೆಸರು ಬರೆಸಿ.